ಹಳೆಯ ಫ್ರೆಂಚ್ ಜಾಹೀರಾತು ವ್ಯಾನ್: ಕೊಳ್ಳುವ ಮುಂಚೆ ಪಕ್ಕದ ಅಕ್ಷರ ನೋಡಿ

ಮಾಡೆಲ್ ಕಾರು ಕೊಳ್ಳುವವರನ್ನು ಗಮನಿಸಿ. ಚಕ್ರ ತಿರುಗಿಸುತ್ತಾರೆ, ಬಾಗಿಲು ತೆರೆಯುತ್ತಾರೆ, 'ಹೊಸದರ ಹಾಗೇ ಇದೆ' ಎಂದು ದುಡ್ಡು ಎಣಿಸುತ್ತಾರೆ. ಫ್ರಾನ್ಸಿನ ಹಳೆಯ ಜಾಹೀರಾತು ವ್ಯಾನ್‌ಗಳ ಪುಟ್ಟ ಮಾಡೆಲ್‌ಗಳಲ್ಲಿ ಈ 'ಹೊಸದರ ಹಾಗೆ' ಅನ್ನುವುದೇ ಮೊದಲ ಅನುಮಾನಕ್ಕೆ ಕಾರಣ ಆಗಬೇಕು. ಇಲ್ಲಿ ಬೆಲೆ ಇರುವುದು ಲೋಹಕ್ಕಲ್ಲ, ಪಕ್ಕದಲ್ಲಿ ಬರೆದ ಬಲ್ಬು, ಚೀಸ್, ರೇಡಿಯೊ ಕಂಪನಿಯ ಹೆಸರಿಗೆ. ಒಂದೇ ಅಚ್ಚಿನಲ್ಲಿ ಬಂದ ವ್ಯಾನ್‌ಗಳು ಬರಹ ಬದಲಾದರೆ ಬೇರೆ ಬೇರೆ ಬೆಲೆಗೆ ಹೋಗುತ್ತವೆ. ಹಾಗಾಗಿ ಮೋಸ ನಡೆಯುವುದೂ ಆ ಬರಹದಲ್ಲೇ.

1. ಒಂದು ವ್ಯಾನ್ ಆರಿಸಿಕೊಳ್ಳಿ

ಸಿಕ್ಕಿದ್ದೆಲ್ಲ ಕೊಳ್ಳಬೇಡಿ. ಆಯ್ಕೆ ಮುಖ್ಯವಾಗಿ ನಾಲ್ಕು. 1947ರಿಂದ 1981ರವರೆಗೆ ತಯಾರಾದ, ಸುಕ್ಕುಸುಕ್ಕು ತಗಡಿನ ಮೈಯ ಸಿಟ್ರೊಯೆನ್ ಎಚ್. ಫ್ರೆಂಚರು 'ಹಂದಿ ಮೂತಿ' ಎಂದು ಕರೆಯುವ ಪೂಜೊ ಡಿ3, ಡಿ4. 1959ರಲ್ಲಿ ಬಂದ ರೆನೊ ಎಸ್ತಾಫೆತ್. ಹಿಂದೆ ಡಬ್ಬ ಕಟ್ಟಿಕೊಂಡ ಸಿಟ್ರೊಯೆನ್ 2ಸಿವಿ. ನನ್ನನ್ನು ಕೇಳಿದರೆ ಸಿಟ್ರೊಯೆನ್ ಎಚ್‌ನಿಂದ ಶುರು ಮಾಡಿ. ಕಟುಕನ ಅಂಗಡಿಯಿಂದ ಪೊಲೀಸರವರೆಗೆ ಎಲ್ಲರೂ ಓಡಿಸಿದ ಗಾಡಿ ಅದು. ಬರಹದ ವೈವಿಧ್ಯವೂ ಅದರಲ್ಲೇ ಜಾಸ್ತಿ.

2. ಅಳತೆ

1:43, ಅಂದರೆ ನಿಜವಾದ ಗಾಡಿಯ 43ರಲ್ಲಿ ಒಂದು ಪಾಲು. ಚರ್ಚೆ ಬೇಡ. ಸಿಟ್ರೊಯೆನ್ ಎಚ್ ಈ ಅಳತೆಯಲ್ಲಿ ಸುಮಾರು 10 ಸೆಂ.ಮೀ. ಉದ್ದ ಬರುತ್ತದೆ, ಅಕ್ಷರ ಕಣ್ಣಿಗೆ ಕಾಣುತ್ತದೆ. 1:87 ರೈಲು ಮಾಡೆಲ್‌ನವರಿಗೆ ಇರಲಿ. 1:18 ನೋಡಲು ಭರ್ಜರಿ, ಆದರೆ ಬೀರು ಎರಡೇ ವರ್ಷಕ್ಕೆ ತುಂಬುತ್ತದೆ.

3. ಮಾಡಿದವರು ಯಾರು?

ಹಳೆಯದರಲ್ಲಿ ಹೆಚ್ಚು ಬೇಡಿಕೆ ಪ್ಯಾರಿಸ್ ಪಕ್ಕದ ಬೊಬಿನಿಯ ಕಾರ್ಖಾನೆಯಲ್ಲಿ ತಯಾರಾದ ಫ್ರೆಂಚ್ ಡಿಂಕಿ ಟಾಯ್ಸ್‌ಗೆ. ಪೂಜೊ ಡಿ3 ಮೇಲೆ ಮಾಜ್ದಾ ಬಲ್ಬು, ಸಿಟ್ರೊಯೆನ್ ಎಚ್ ಮೇಲೆ ಫಿಲಿಪ್ಸ್, ಜೆರ್ವೆ ಚೀಸ್, ಸಿಬಿಯೆ ಹೆಡ್‌ಲೈಟ್: ಇವು ಎಲ್ಲರೂ ಹುಡುಕುವ ವ್ಯಾನ್‌ಗಳು. ವಿಲರ್ಬಾನ್‌ನ ನೊರೆವ್ ಕಂಪನಿ 1950ರ ದಶಕದಿಂದ ಪ್ಲಾಸ್ಟಿಕ್‌ನಲ್ಲಿ ಮಾಡಿತು. ಅದರ ಹಳೆಯ ಪ್ಲಾಸ್ಟಿಕ್ ವರ್ಷ ಕಳೆದಂತೆ ಸೊಟ್ಟಗಾಗುತ್ತದೆ. ಎಲಿಗೋರ್, ಸೊಲಿದೊ ಕಂಪನಿಗಳ ವ್ಯಾನ್‌ಗಳು ಆಮೇಲಿನವು, ಜೇಬಿಗೂ ಹಗುರ.

ಈಗ ಎಚ್ಚರಿಕೆ. ಅತ್ಲಾಸ್ ಪ್ರಕಾಶನ ಹಳೆಯ ಡಿಂಕಿಗಳನ್ನು ಹಳದಿ ಪೆಟ್ಟಿಗೆ ಸಮೇತ ಮತ್ತೆ ಮಾಡಿಸಿ ಮಾರಿತು. ಚೆನ್ನಾಗಿಯೇ ಇವೆ. ಬೀರುವಿನಲ್ಲಿ ಇಡಲು ಅಷ್ಟೇ ಸಾಕು ಅನ್ನುವವರು ಸಂತೋಷವಾಗಿ ಕೊಳ್ಳಬಹುದು. ಆದರೆ ಪೆಟ್ಟಿಗೆಯನ್ನು ಸ್ವಲ್ಪ ಉಜ್ಜಿ, ಹಳೆಯದೆಂದು ಹೇಳಿ ಹತ್ತು ಪಟ್ಟು ಕೇಳುವ ಮಾರಾಟಗಾರರಿದ್ದಾರೆ. ವ್ಯಾನ್ ಮಗುಚಿ ತಳದ ಸಣ್ಣ ಅಕ್ಷರ ಓದಿ. ಚೀನಾದ ಹೆಸರೋ, ಡಿಂಕಿ ಹೆಸರಿನ ಈಗಿನ ಒಡೆಯ ಮ್ಯಾಟೆಲ್ ಕಂಪನಿಯ ಪರವಾನಗಿಯ ಸಾಲೋ ಕಂಡರೆ ಅದು ಹೊಸದು. ತಳದ ಚಿತ್ರ ಹಾಕದೆ ಮಾರುವವರ ಹತ್ತಿರ ವ್ಯಾಪಾರವೇ ಬೇಡ.

4. ಬರಹ ಅಸಲಿಯೇ?

ಕೈಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತೆಗೆದುಕೊಳ್ಳಿ. ಮೊಬೈಲ್ ಕ್ಯಾಮೆರಾ ಜೂಮ್ ಸಾಕು ಅನ್ನುವವರಿದ್ದಾರೆ, ಸಾಕಾಗುವುದಿಲ್ಲ.

ಮೊದಲು ಬರಹದ ಅಂಚು ನೋಡಿ. ಹಳೆಯ ಡಿಂಕಿಗಳಲ್ಲಿ ಬರಹವನ್ನು ಡೆಕಾಲ್ ಆಗಿ, ಅಂದರೆ ಮುದ್ರಿಸಿದ ತೆಳು ಪದರವಾಗಿ, ಅಂಟಿಸುತ್ತಿದ್ದರು. ವಯಸ್ಸಾದ ಡೆಕಾಲ್ ಅಂಚಿನಲ್ಲಿ ಸ್ವಲ್ಪ ಹಳದಿಯಾಗಿ, ಅಲ್ಲಲ್ಲಿ ಬಿರುಕು ಬಿಟ್ಟಿರುತ್ತದೆ. ಅದು ದೋಷ ಅಲ್ಲ, ವಯಸ್ಸಿನ ಗುರುತು. ಮೈಬಣ್ಣವೆಲ್ಲ ಎದ್ದುಹೋಗಿ ಡೆಕಾಲ್ ಮಾತ್ರ ಮದುವೆ ಗಂಡಿನ ಹಾಗೆ ಮಿಂಚುತ್ತಿದ್ದರೆ ಅದು ಆಮೇಲೆ ಅಂಟಿಸಿದ್ದು.

ಆಮೇಲೆ ಅಕ್ಷರದ ಒಳಗಿನ ಬಣ್ಣ. ಅಸಲಿಯಲ್ಲಿ ಅದು ತುಂಬಿದ ಒಂದೇ ಬಣ್ಣ. ಸಣ್ಣ ಸಣ್ಣ ಚುಕ್ಕಿ ಕಂಡರೆ ಮನೆಯ ಪ್ರಿಂಟರ್‌ನಲ್ಲಿ ತೆಗೆದದ್ದು. ಸಾಮಾನ್ಯ ಪ್ರಿಂಟರ್‌ಗೆ ಬಿಳಿ ಶಾಯಿ ಇರುವುದಿಲ್ಲ ಎಂಬುದೂ ನಮಗೆ ಅನುಕೂಲ. ಕಡು ಹಸಿರು ವ್ಯಾನಿನ ಮೇಲೆ ಬಿಳಿ ಅಕ್ಷರ ಬೇಕೆಂದರೆ ಬಿಳಿ ಹಾಳೆಯ ಡೆಕಾಲ್ ಬಳಸಿ, ಸುತ್ತಲಿನ ಹಸಿರನ್ನೂ ಪ್ರಿಂಟ್ ಮಾಡಬೇಕು. ಆ ಹಸಿರು ವ್ಯಾನಿನ ಹಸಿರಿಗೆ ಎಂದೂ ಪೂರ್ತಿ ಹೊಂದುವುದಿಲ್ಲ. ಕತ್ತರಿಸಿದ ಕಡೆ ಬಿಳಿ ಗೆರೆ ಇಣುಕುತ್ತದೆ.

ಸಿಟ್ರೊಯೆನ್ ಎಚ್‌ನಲ್ಲಿ ಇನ್ನೊಂದು ಪರೀಕ್ಷೆ ಇದೆ. ಮೈ ಸುಕ್ಕುಸುಕ್ಕು ಅಲ್ವಾ? ಗಡಿಬಿಡಿಯಲ್ಲಿ ಅಂಟಿಸಿದ ಡೆಕಾಲ್ ಉಬ್ಬಿನಿಂದ ಉಬ್ಬಿಗೆ ಚಪ್ಪರದಂತೆ ನಿಂತುಬಿಡುತ್ತದೆ. ಕೆಳಗೆ ಗಾಳಿ ಉಳಿದು, ಬೆಳಕಿಗೆ ಓರೆಯಾಗಿ ಹಿಡಿದರೆ ಬೆಳ್ಳಗೆ ಹೊಳೆಯುತ್ತದೆ.

ಕೊನೆಗೆ ತಳದ ತಗಡನ್ನು ಹಿಡಿದಿಡುವ ಮೊಳೆ, ರಿವೆಟ್. ಹಳೆಯ ಲೋಹದ ವ್ಯಾನ್‌ಗೆ ಮತ್ತೆ ಬಣ್ಣ ಹೊಡೆಯಬೇಕಾದರೆ ತಳದ ತಗಡು ಬಿಚ್ಚಬೇಕು, ಅದಕ್ಕೆ ರಿವೆಟ್ ಕೊರೆಯಬೇಕು. ರಿವೆಟ್ ಇದ್ದ ಕಡೆ ಸ್ಕ್ರೂ, ತೂತು, ಅಂಟು ಏನೇ ಕಂಡರೂ ಮೈಬಣ್ಣವನ್ನು ನಂಬಬೇಡಿ. ಸಂಗ್ರಹಕಾರರು ಕಂಪನಿ ಒಪ್ಪಿಗೆ ಇಲ್ಲದೆ ಯಾರೋ ಹೊಸ ಬರಹ ಹಾಕಿದ ಮಾಡೆಲ್‌ಗಳನ್ನು 'ಕೋಡ್ 3' ಅನ್ನುತ್ತಾರೆ. ಹಾಗೆಂದು ಹೇಳಿಯೇ ಮಾರಿದರೆ ತಪ್ಪಿಲ್ಲ. ಹೇಳದೆ ಮಾರುವುದೇ ಜಾಸ್ತಿ.

ನನ್ನ ಮಾತು ಇಷ್ಟೇ: ಅರ್ಧ ಬಣ್ಣ ಹೋದ ಅಸಲಿ ವ್ಯಾನ್, ಮತ್ತೆ ಬಣ್ಣ ಕಂಡು ಥಳಥಳಿಸುವ ವ್ಯಾನ್‌ಗಿಂತ ಯಾವತ್ತೂ ಮೇಲು.

5. ಬರಹಕ್ಕೂ ಗಾಡಿಗೂ ಕಾಲ ಹೊಂದುತ್ತದೆಯೇ?

ಇದನ್ನು ಬಹುತೇಕ ಯಾರೂ ನೋಡುವುದಿಲ್ಲ. ಹೊಸ ಮಾಡೆಲ್ ಕೊಳ್ಳುವಾಗ ಇದು ಇನ್ನೂ ಮುಖ್ಯ, ಏಕೆಂದರೆ ಕೆಲವು ಕಂಪನಿಗಳು ಒಂದು ಅಚ್ಚು ಇಟ್ಟುಕೊಂಡು ಅದರ ಮೇಲೆ ಸುಮ್ನೆ ಯಾವುದಾದರೂ ಹಳೆಯ ಪೋಸ್ಟರ್ ಒತ್ತಿಬಿಡುತ್ತವೆ.

ಮೊದಲು ಗಾಡಿಯ ಕಾಲ ಗೊತ್ತುಮಾಡಿ. ಸಿಟ್ರೊಯೆನ್ ಎಚ್‌ನ ಮುಂದಿನ ಗಾಜು 1964ರವರೆಗೆ ನಡುವೆ ಪಟ್ಟಿ ಇದ್ದ ಎರಡು ತುಂಡು, ಆಮೇಲೆ ಒಂದೇ ಹಾಳೆ. ಹಿಂಚಕ್ರದ ಮೇಲಿನ ದುಂಡು ಮಡ್‌ಗಾರ್ಡ್ 1960ರ ದಶಕದ ಕೊನೆಗೆ ಚೌಕವಾಯಿತು. ಈಗ ಪಕ್ಕದ ಫೋನ್ ನಂಬರ್ ಓದಿ. ಪ್ಯಾರಿಸ್ ನಂಬರುಗಳು 1963ರವರೆಗೆ ಮೂರು ಅಕ್ಷರ, ನಾಲ್ಕು ಅಂಕಿ. ಆಮೇಲೆ ಬರೀ ಅಂಕಿಗೆ ಬದಲಾದವು. 1985ರಲ್ಲಿ ಎಂಟು ಅಂಕಿ, 1996ರಲ್ಲಿ 01ರಿಂದ ಶುರುವಾಗುವ ಹತ್ತು ಅಂಕಿ. ಎರಡು ತುಂಡು ಗಾಜಿನ ಬೇಕರಿ ವ್ಯಾನ್ ಮೇಲೆ 01ರ ನಂಬರ್ ಇದ್ದರೆ ಅದು 1950ರ ಬೇಕರಿ ಅಲ್ಲ. ಇತ್ತೀಚೆಗೆ ಯಾರೋ ಹಳೆಯ ಗಾಡಿಯನ್ನು ತಿಂಡಿ ಗಾಡಿ ಮಾಡಿಕೊಂಡದ್ದರ ಮಾಡೆಲ್ ಇರಬಹುದು. ಅದೂ ಒಂದು ಬಗೆ, ಆದರೆ ಬೇರೆ ಕಪಾಟಿಗೆ.

1950ರಿಂದ 2009ರವರೆಗಿನ ನಂಬರ್ ಪ್ಲೇಟ್‌ಗಳಲ್ಲಿ ಕೊನೆಯ ಎರಡು ಅಂಕಿ ಜಿಲ್ಲೆಯ ಗುರುತಾಗಿತ್ತು. 75 ಪ್ಯಾರಿಸ್. ಪ್ಯಾರಿಸ್ ಸುತ್ತಲಿನ 92, 93, 94, 95ರ ಜಿಲ್ಲೆಗಳು ಹುಟ್ಟಿದ್ದು 1968ರಲ್ಲಿ. 1955ರ ಪ್ಯಾರಿಸ್ ಕಡೆಯ ಅಂಗಡಿಯ ವ್ಯಾನ್‌ಗೆ 94 ಹಾಕಿದ ಕಂಪನಿ ಬೇರೆ ವಿವರಗಳಲ್ಲೂ ಹಾಗೇ ಮಾಡಿರುತ್ತದೆ. ಅಂಚೆ ವ್ಯಾನ್‌ಗೆ ಬಣ್ಣವೇ ಸಾಕ್ಷಿ: ಫ್ರೆಂಚ್ ಅಂಚೆಯ ಗಾಡಿಗಳು 1960ರ ದಶಕದ ಶುರುವಿನವರೆಗೆ ಕಡು ಹಸಿರು, ಆಮೇಲೆ ಹಳದಿ. ರೆನೊದ ಚೂಪು ಗೆರೆಗಳ ವಜ್ರದ ಗುರುತು ಕಲಾವಿದ ವಾಸರೆಲಿ ಬರೆದದ್ದು, 1972ರದು. ಅದಕ್ಕಿಂತ ಹಳೆಯ ಎಸ್ತಾಫೆತ್ ಮೇಲೆ ಅದು ಇರಬಾರದು.

ಹಾಗೇ ಒಂದು ಮಾತು. ಬನಾನಿಯಾ ಪಾನೀಯದ ಹಳದಿ ವ್ಯಾನ್‌ಗಳು ತುಂಬ ಮಾರಾಟವಾಗುತ್ತವೆ. ಅದರ ಮೇಲಿನ ನಗುವ ಸೆನೆಗಲ್ ಸೈನಿಕ 1915ರ ಜಾಹೀರಾತಿನಿಂದ ಬಂದವನು. ವಸಾಹತು ಕಾಲದ ಹೀಯಾಳಿಕೆ ಅಂತ ಆ ಚಿತ್ರದ ಬಗ್ಗೆ ಫ್ರಾನ್ಸ್‌ನಲ್ಲೇ ದೊಡ್ಡ ಆಕ್ಷೇಪ ಇದೆ. ಸಂಗ್ರಹದಲ್ಲಿ ಇಡುವುದಾದರೆ ಕಥೆ ತಿಳಿದು ಇಡಿ.

6. ಕೊಳ್ಳುವುದು

ಚಳಿಗಾಲದಲ್ಲಿ ಪ್ಯಾರಿಸ್‌ನ ರೆತ್ರೊಮೊಬಿಲ್ ಮೇಳ, ವರ್ಷವಿಡೀ ಸೇಂಟ್ ಊಆಂ ಹಳೆ ಸಾಮಾನಿನ ಸಂತೆ. ಆನ್‌ಲೈನ್ ಹರಾಜಿನಲ್ಲಿ ಭಾರತದಿಂದ ಕೂಗುವುದಾದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಮೊದಲೇ ಲೆಕ್ಕ ಹಾಕಿ. ಆಟಿಕೆ ಮೇಲಿನ ಸುಂಕ ಸಣ್ಣದಲ್ಲ.

7. ಒರೆಸುವುದು, ಇಡುವುದು

ಡೆಕಾಲ್‌ಗೆ ನೀರು ಮುಟ್ಟಿಸಬೇಡಿ. ಮೃದು ಕೂದಲಿನ ಒಣ ಬ್ರಷ್ ಸಾಕು. ಉಗುರುಬಣ್ಣ ತೆಗೆಯುವ ದ್ರಾವಣ, ಕಾರು ಪಾಲಿಶ್ ಎರಡನ್ನೂ ದೂರ ಇಡಿ. ಕಳಚಿದ ಕಿಟಕಿಗೆ ಸೂಪರ್ ಗ್ಲೂ ಹಾಕಿದರೆ ಗಾಜು ಮಂಜಾಗುತ್ತದೆ. ಪೆಟ್ಟಿಗೆಯೊಳಗೆ ಸ್ಪಾಂಜ್ ಹಾಸಬೇಡಿ, ಅದು ಪುಡಿಯಾಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಬೀರುವಿನಲ್ಲಿ ನುಸಿಗುಳಿಗೆ ಬೇಡವೇ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆದುವಾಗಿಸುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಹೊಸ ಕಪಾಟಿನ ಆವಿಯೂ ವ್ಯಾನಿನ ಮೈಯ ಸತುವಿಗೆ ಒಳ್ಳೆಯದಲ್ಲ. ಗಾಜು, ಉಕ್ಕಿನ ಕಪಾಟು ಒಳ್ಳೆಯದು. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಆಗಾಗ ಬದಲಿಸಿ.

ಮೈಮೇಲೆ ಗುಳ್ಳೆ, ಕೂದಲೆಳೆಯ ಬಿರುಕು, ಬಾಗಿದ ತಳ ಕಂಡರೆ ಅದು ಸತು ಕೊಳೆಯುವ ರೋಗ. ಎರಕದಲ್ಲಿ ಸೇರಿಹೋದ ಸೀಸದಂಥ ಕಲಬೆರಕೆಯಿಂದ ಲೋಹ ಒಳಗಿನಿಂದಲೇ ಒಡೆಯುತ್ತದೆ, ತೇವ ಅದನ್ನು ಬೇಗ ಮಾಡುತ್ತದೆ. ಪಕ್ಕದ ವ್ಯಾನ್‌ಗೆ ಅಂಟುತ್ತದೆ ಅನ್ನುವುದು ಸುಳ್ಳು. ವಾಸಿ ಮಾಡುತ್ತೇವೆಂದು ಮಾರುವ ದ್ರಾವಣವೂ ದಂಡ. ಅಂಥ ವ್ಯಾನ್ ಎಷ್ಟೇ ಅಪರೂಪದ್ದಾದರೂ ಮೇಜಿನ ಮೇಲೇ ಬಿಟ್ಟು ಬನ್ನಿ.