ಅಗ್ಗದ ಎಐ ಚಿತ್ರ ಸೇವೆ: ದುಡ್ಡು ಕಟ್ಟುವ ಮೊದಲು ಹೀಗೆ ಪರೀಕ್ಷೆ ಮಾಡಿ

ನಾವು ಬರೆದದ್ದನ್ನು ಚಿತ್ರ ಮಾಡಿಕೊಡುವ ಎಐ ಸೇವೆಗಳ ಜಾಹೀರಾತು ತಿಂಗಳಿಗೆ ಇಷ್ಟು ದುಡ್ಡಿಗೆ ಇಷ್ಟು ಚಿತ್ರ ಅಂತ ಹೇಳುತ್ತದೆ. ಆ ಲೆಕ್ಕ ಪಕ್ಕಕ್ಕಿಡಿ. ನೂರು ಚಿತ್ರ ಮಾಡಿಸಿ ಅದರಲ್ಲಿ ಹತ್ತು ಮಾತ್ರ ಕೆಲಸಕ್ಕೆ ಬಂದರೆ ಒಂದೊಂದರ ನಿಜವಾದ ಬೆಲೆ ಹತ್ತು ಪಟ್ಟು ಆಯಿತು, ಅಲ್ವಾ? ಅಗ್ಗದ ಸೇವೆಯನ್ನು ಅಳೆಯಬೇಕಾದ್ದು ಈ ಲೆಕ್ಕದಲ್ಲಿ.

ಮೊದಲು ಸೇವೆಯ ಒಳಗೆ ಯಾವ ಮಾಡೆಲ್ (ಚಿತ್ರ ತಯಾರಿಸುವ ಎಐ ಪ್ರೋಗ್ರಾಂ) ಇದೆ ಅಂತ ಹುಡುಕಿ. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಮಾಡೆಲ್ ಬಂದಾಗ ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ತಮ್ಮ ಸರ್ವರ್‌ನಲ್ಲಿ ಓಡಿಸಬಹುದಾಯಿತು. ಮುಂದಿನ ವರ್ಷ ಅದರದ್ದೇ ಹೊಸ ಆವೃತ್ತಿ ಎಸ್‌ಡಿಎಕ್ಸ್‌ಎಲ್, 2024ರಲ್ಲಿ ಫ್ಲಕ್ಸ್ ಎಂಬ ಇನ್ನೊಂದು ಮಾಡೆಲ್ ಬಂದವು. ಇಂಥ ಮಾಡೆಲ್ ಬಳಸುವ ಕಂಪನಿಗೆ ಸ್ವಂತ ಮಾಡೆಲ್ ಕಟ್ಟುವ ಖರ್ಚಿಲ್ಲ. ಹಾಗಾಗಿ ದರ ಕಡಿಮೆ ಇದ್ದ ಮಾತ್ರಕ್ಕೆ ಮೋಸ ಅಂದುಕೊಳ್ಳಬೇಡಿ. ಮಾಡೆಲ್ ಹೆಸರನ್ನೇ ಹೇಳದ ಸೇವೆಯ ಮೇಲೆ ಮಾತ್ರ ನನಗೆ ಅನುಮಾನ. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು 512 ಪಿಕ್ಸೆಲ್ ಚೌಕದ ಚಿತ್ರಕ್ಕೆ ಹೊಂದಿಸಿದವು, ಎಸ್‌ಡಿಎಕ್ಸ್‌ಎಲ್ 1024ಕ್ಕೆ. ಹಳೆಯದನ್ನೇ ಹೊಸ ಹೆಸರಲ್ಲಿ ಕೊಡುತ್ತಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಆಮೇಲೆ ಉಚಿತ ಕ್ರೆಡಿಟ್‌ಗಳಲ್ಲಿ (ಚಿತ್ರ ಮಾಡಿಸಿದಾಗ ಖರ್ಚಾಗುವ ಅಂಕಗಳು) ಪರೀಕ್ಷೆ ಮಾಡಿ. ಇಲ್ಲಿ ಆತುರ ಬೇಡ. ಸೇವೆಯವರು ತೋರಿಸುವ ಮಾದರಿ ಪ್ರಾಂಪ್ಟ್‌ಗಳನ್ನು (ಎಂಥ ಚಿತ್ರ ಬೇಕು ಅಂತ ಬರೆಯುವ ಸಾಲು) ಮುಟ್ಟಲೇಬೇಡಿ, ಅವು ಚೆನ್ನಾಗಿ ಬರುತ್ತವೆ ಅಂತಲೇ ಅಲ್ಲಿಟ್ಟಿರುತ್ತಾರೆ. ನಿಮ್ಮ ಕೆಲಸಕ್ಕೆ ಬೇಕಾದ್ದನ್ನೇ ಬರೆಯಿರಿ. ಅದರಲ್ಲಿ ಕಷ್ಟದವು ಇರಲಿ: ಕೈಯಲ್ಲಿ ಏನನ್ನೋ ಹಿಡಿದಿರುವ ವ್ಯಕ್ತಿ, ನಾಲ್ಕೈದು ಜನರ ಗುಂಪು, ಎಡಕ್ಕೆ ಕೆಂಪು ಕುರ್ಚಿ ಬಲಕ್ಕೆ ನೀಲಿ ಮೇಜು, ಅಕ್ಷರವಿರುವ ಫಲಕ. ಕನ್ನಡ ಅಕ್ಷರವನ್ನಂತೂ ಚಿತ್ರದೊಳಗೆ ಬರೆಸಲು ಹೋಗಬೇಡಿ, ಒತ್ತಕ್ಷರಗಳು ಬಹಳ ಸಲ ಕೆಡುತ್ತವೆ. ಖಾಲಿ ಜಾಗ ಬಿಡಿಸಿಕೊಂಡು ಅಕ್ಷರವನ್ನು ಬೇರೆ ಆ್ಯಪ್‌ನಲ್ಲಿ ಸೇರಿಸುವುದೇ ವಾಸಿ. ಪ್ರತಿ ಪ್ರಾಂಪ್ಟ್‌ಗೆ ನಾಲ್ಕು ಚಿತ್ರ ತೆಗೆಯಿರಿ, ಅದರಲ್ಲಿ ಬಳಸಬಹುದಾದ್ದು ಎಷ್ಟು ಅಂತ ಬರೆದಿಡಿ. ಅದೇ ಪ್ರಾಂಪ್ಟ್‌ಗಳನ್ನು ಒಂದು ದುಬಾರಿ ಸೇವೆಯಲ್ಲೂ ಹಾಕಿ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ, ಕೆಲವು ಸಲ ವ್ಯತ್ಯಾಸವೇ ಇರುವುದಿಲ್ಲ. ಸೀಡ್, ಅಂದರೆ ಚಿತ್ರ ಎಲ್ಲಿಂದ ಶುರುವಾಗಬೇಕು ಅಂತ ತೀರ್ಮಾನಿಸುವ ಸಂಖ್ಯೆ, ಹಾಕಲು ಬಿಡುತ್ತಾರಾ ಅಂತಲೂ ನೋಡಿ. ಸೀಡ್ ಹಾಗೇ ಇಟ್ಟು ಪ್ರಾಂಪ್ಟ್‌ನಲ್ಲಿ ಒಂದು ಪದ ಮಾತ್ರ ಬದಲಿಸಿದರೆ ಸಾಮಾನ್ಯವಾಗಿ ಚಿತ್ರ ಪೂರ್ತಿ ಬದಲಾಗದೆ ಸ್ವಲ್ಪ ಮಾತ್ರ ಬದಲಾಗುತ್ತದೆ, ಇದರಿಂದ ಕ್ರೆಡಿಟ್ ತುಂಬಾ ಉಳಿಯುತ್ತದೆ.

ಮುದ್ರಣಕ್ಕೆ ಬೇಕಿದ್ದರೆ ಗಾತ್ರ ನೋಡಿ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 1024 ಪಿಕ್ಸೆಲ್ ಅಂದರೆ ಬರೀ ಎಂಟೂವರೆ ಸೆಂಟಿಮೀಟರ್ ಚಿಲ್ಲರೆ. ಎ4 ಹಾಳೆ ತುಂಬಲು 2480 x 3508 ಬೇಕು. ಆ ಗಾತ್ರಕ್ಕೆ ಹಿಗ್ಗಿಸಲು ಬೇರೆ ಕ್ರೆಡಿಟ್ ಕೀಳುವ ಸೇವೆಗಳಿವೆ. ಎಐ ಹಿಗ್ಗಿಸುವಾಗ ಇಲ್ಲದ ವಿವರವನ್ನು ತಾನೇ ಊಹಿಸಿ ತುಂಬುತ್ತದೆ, ಮುಖಗಳು ಬದಲಾಗಿವೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಕ್ರೆಡಿಟ್ ನಿಯಮ ಓದಿ. ಉಳಿದದ್ದು ಮುಂದಿನ ತಿಂಗಳಿಗೆ ಬರುತ್ತದಾ? ಚಿತ್ರ ಕೆಟ್ಟರೆ ವಾಪಸ್ ಕೊಡುತ್ತಾರಾ? ವರ್ಷದ ಪ್ಲಾನ್‌ಗೆ ಎಷ್ಟೇ ರಿಯಾಯಿತಿ ಇರಲಿ, ಮೊದಲು ಒಂದು ತಿಂಗಳು ಮಾತ್ರ ತಗೊಳ್ಳಿ. ಈ ಮಾಡೆಲ್‌ಗಳು ಬೇಗ ಹಳೆಯದಾಗುತ್ತವೆ.

ಹಕ್ಕಿನ ವಿಷಯ ಸುಮ್ನೆ ದಾಟಿ ಹೋಗಬೇಡಿ. ಕೆಲವು ಸೇವೆಗಳಲ್ಲಿ ನೀವು ಮಾಡಿದ್ದೆಲ್ಲ ಎಲ್ಲರಿಗೂ ಕಾಣುತ್ತದೆ, ಗುಟ್ಟಾಗಿಡಲು ಜಾಸ್ತಿ ದುಡ್ಡು ಕೊಡಬೇಕು. ಮಿಡ್‌ಜರ್ನಿಯಂಥ ಹೆಸರಾಂತ ಸೇವೆಯಲ್ಲೂ ಹೀಗೆ ಗುಟ್ಟಾಗಿಡುವ ಸ್ಟೆಲ್ತ್ ಮೋಡ್ ಇರುವುದು ದೊಡ್ಡ ಪ್ಲಾನ್‌ಗಳಲ್ಲಿ. ಫ್ಲಕ್ಸ್‌ನ ಮೊದಲ ಮಾಡೆಲ್‌ಗಳಲ್ಲಿ ಶ್ನೆಲ್ ಎಂಬುದು ವ್ಯಾಪಾರಕ್ಕೂ ಬಳಸಲು ಬಿಡುವ ಅಪಾಚೆ 2.0 ಲೈಸೆನ್ಸ್‌ನಲ್ಲಿ ಬಂತು, ಡೆವ್ ಎಂಬುದಕ್ಕೆ ವಾಣಿಜ್ಯ ಬಳಕೆಯ ನಿರ್ಬಂಧವಿದೆ. ಆದ್ದರಿಂದ ಚಿತ್ರವನ್ನು ಮಾರುವುದಿದ್ದರೆ ಸೇವೆಯ ಷರತ್ತನ್ನು ಓದಲೇಬೇಕು. ಇನ್ನು ಬೇರೆಯವರ, ಅದರಲ್ಲೂ ಮಕ್ಕಳ ಫೋಟೊವನ್ನು ಇಂಥ ಕಡೆ ಅಪ್‌ಲೋಡ್ ಮಾಡಲೇಬೇಡಿ.

ಐಡಿಯಾ ಹುಡುಕಲು, ಕರಡು ತಯಾರಿಸಲು, ಪೋಸ್ಟ್‌ಗೊಂದು ಚಿತ್ರ ಹಾಕಲು ಅಗ್ಗದ ಸೇವೆ ಧಾರಾಳ ಸಾಕು. ಮಕ್ಕಳ ಪುಸ್ತಕದಲ್ಲಿ ಒಂದೇ ಪಾತ್ರ ಇಪ್ಪತ್ತು ಪುಟದಲ್ಲೂ ಒಂದೇ ಥರ ಕಾಣಬೇಕು ಅಂದರೆ ಕಷ್ಟ, ಅಂಥ ಕೆಲಸಕ್ಕೆ ಕಲಾವಿದರನ್ನೇ ಕೇಳಿ. ನಿಮ್ಮ ಕಂಪ್ಯೂಟರ್‌ನಲ್ಲಿ 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾಡೆಲ್ ಓಡಿಸುವ ಕಂಫಿಯುಐ ಪ್ರೋಗ್ರಾಂ ಹಾಕಿಕೊಂಡು ಎಸ್‌ಡಿಎಕ್ಸ್‌ಎಲ್ ಅನ್ನು ಮನೆಯಲ್ಲೇ ಓಡಿಸಬಹುದು, ಆಗ ಕ್ರೆಡಿಟ್ ಲೆಕ್ಕವೇ ಇರುವುದಿಲ್ಲ.