ಭಾರತದ ಪಾಸ್‌ಪೋರ್ಟ್ ಇದ್ದರೂ ಬ್ರಿಟನ್ನಿನಲ್ಲಿ ನಿಮಗೆ ಓಟಿದೆ

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಸ್ಟೂಡೆಂಟ್ ವೀಸಾ ಇರಲಿ, ವರ್ಕ್ ವೀಸಾ ಇರಲಿ, 18 ತುಂಬಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ಜರ್ಮನಿಯಿಂದ ಬಂದು ಇಲ್ಲಿ ಇಪ್ಪತ್ತು ವರ್ಷ ಇದ್ದರೂ ಜರ್ಮನ್ ಪಾಸ್‌ಪೋರ್ಟಿನವರಿಗೆ ಈ ಹಕ್ಕಿಲ್ಲ!

ಇಲ್ಲಿ ಓಟು ಹಾಕುವುದು ಸಾಮಾನ್ಯವಾಗಿ ಗುರುವಾರ. ರಜೆ ಇಲ್ಲ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಯಾವಾಗಲಾದರೂ ಹೋಗಬಹುದು. ನಾನು ಮೊದಲ ಸಲ ಹೋದದ್ದು ಒಂದು ಚರ್ಚ್ ಹಾಲಿಗೆ. ಹೊರಗೆ ಕಂಬಕ್ಕೆ ಯಾರದೋ ನಾಯಿ ಕಟ್ಟಿತ್ತು. ಒಳಗೆ ಮಷಿನ್ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಒಂದು ಕಾಗದ, ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್, ಅಷ್ಟೇ. ಶಾಲೆಯಲ್ಲಿ ಮೇಷ್ಟ್ರು ತಪ್ಪಿಗೆ ಹಾಕುತ್ತಿದ್ದ ಇಂಟು ಮಾರ್ಕನ್ನು ಇಲ್ಲಿ ಇಷ್ಟವಾದವರ ಹೆಸರಿನ ಮುಂದೆ ಹಾಕಬೇಕು. 2023ರಿಂದ ಪಾರ್ಲಿಮೆಂಟ್ ಚುನಾವಣೆಗೆ ಫೋಟೋ ಐಡಿ ಕಡ್ಡಾಯ. ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ.

ಯಾರಿಗೆ ಹಾಕಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಆದರೆ ಬಸ್‌ಸ್ಟಾಪಿನಲ್ಲಿ ನಿಂತ ಮುದುಕರು ‘ಈ ದೇಶದಲ್ಲಿ ಈಗ ಏನೂ ಸರಿಯಿಲ್ಲ’ ಎಂದು ಗೊಣಗುವುದು ಯಾಕೆ ಅಂತ ತಿಳಿದಿರಲಿ. ಇದು ನಿನ್ನೆ ಮೊನ್ನೆಯ ಸಿಟ್ಟಲ್ಲ.

1945ರಲ್ಲಿ ಬ್ರಿಟನ್ ಯುದ್ಧ ಗೆದ್ದಿತ್ತು, ಬೊಕ್ಕಸ ಖಾಲಿಯಾಗಿತ್ತು. ಅಂಥ ಹೊತ್ತಿನಲ್ಲೂ ಪ್ರಧಾನಿ ಆಟ್ಲಿಯವರ ಲೇಬರ್ ಪಕ್ಷದ ಸರ್ಕಾರ 1948ರಲ್ಲಿ ಎಲ್ಲರಿಗೂ ಪುಕ್ಕಟೆ ಆಸ್ಪತ್ರೆ ಕೊಟ್ಟಿತು. ಮರುವರ್ಷವೇ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಬೇಕಾಯಿತು, 1967ರಲ್ಲಿ 2.40ಕ್ಕೆ. ನಾವು 1991ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಚಿನ್ನ ಅಡವಿಟ್ಟದ್ದು ನೆನಪಿದೆಯಲ್ಲ? ಅದಕ್ಕೂ 15 ವರ್ಷ ಮೊದಲು, 1976ರಲ್ಲಿ, ಬ್ರಿಟನ್ನೇ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಂದೆ ಸಾಲಕ್ಕೆ ಕೈಯೊಡ್ಡಿತ್ತು. 1979ರ ಚಳಿಗಾಲದಲ್ಲಿ ಮುಷ್ಕರದಿಂದ ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಕಸದ ರಾಶಿ ಬಿತ್ತು. ಆ ವರ್ಷವೇ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ ಗೆದ್ದು ಪ್ರಧಾನಿಯಾದರು.

ಆಮೇಲೆ ಲಂಡನ್ ಬೆಳೆಯಿತು. ಉತ್ತರದ ಗಣಿ, ಕಾರ್ಖಾನೆಗಳ ಊರುಗಳು ಸೊರಗಿದವು. ಸಂಡರ್‌ಲ್ಯಾಂಡನ್ನೇ ನೋಡಿ. ತಲೆತಲಾಂತರದಿಂದ ಹಡಗು ಕಟ್ಟುತ್ತಿದ್ದ ಊರು. 1980ರ ದಶಕ ಮುಗಿಯುವಷ್ಟರಲ್ಲಿ ಆ ಕೆಲಸವೇ ನಿಂತುಹೋಯಿತು. 2016ರಲ್ಲಿ ಅಲ್ಲಿ ಓಟು ಹಾಕಿದವರಲ್ಲಿ 61% ಜನ ಬ್ರೆಕ್ಸಿಟ್‌ಗೆ, ಅಂದರೆ ಯುರೋಪಿಯನ್ ಒಕ್ಕೂಟ ಬಿಡುವುದಕ್ಕೆ, ಹೌದು ಅಂದರು. ಅದನ್ನು ಬರೀ ನಮ್ಮಂಥ ವಲಸಿಗರ ಮೇಲಿನ ದ್ವೇಷ ಅಂದುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. 2008ರ ಹಣಕಾಸು ಬಿಕ್ಕಟ್ಟಿನ ನಂತರ ಸಂಬಳ ಹೆಚ್ಚೇನೂ ಏರಲಿಲ್ಲ, ಬಾಡಿಗೆ ಏರಿತು, ಆ ಸಿಟ್ಟೂ ಇದೆ.

ಸಿಟ್ಟಿದ್ದವರು ಸುಮ್ನೆ ಕೂರುವುದಿಲ್ಲ, ಅಲ್ವಾ? 2016ರಿಂದ 2024ರೊಳಗೆ ಆರು ಪ್ರಧಾನಿಗಳು ಕುರ್ಚಿ ಮೇಲೆ ಕೂತರು. ಲಿಜ್ ಟ್ರಸ್ ಇದ್ದದ್ದು 49 ದಿನ. ಅವರ ಮಿನಿ ಬಜೆಟ್ ದೆಸೆಯಿಂದ ಮನೆ ಸಾಲದ ಬಡ್ಡಿ ದಿಢೀರನೆ ಏರಿ ನಮ್ಮವರೂ ಒದ್ದಾಡಿದರು. ಕರ್ನಾಟಕದ ಅಳಿಯ ಎಂದು ನಾವು ಹಿಗ್ಗಿದ್ದ ಸುನಕ್ ಅವರೂ 2024ರ ಜುಲೈ 4ರಂದು ಸೋತರು. ಅವತ್ತು ಲೇಬರ್‌ಗೆ ಬಿದ್ದದ್ದು ಸುಮಾರು 34% ಓಟು, 650ರಲ್ಲಿ ಸಿಕ್ಕಿದ್ದು 411 ಸೀಟು. ರಿಫಾರ್ಮ್ ಪಕ್ಷಕ್ಕೆ 14% ಓಟು ಬಿದ್ದು ಸಿಕ್ಕಿದ್ದು 5. ನಮ್ಮ ಲೋಕಸಭೆಯ ಲೆಕ್ಕವೇ ಇದು, ಆಯಾ ಕ್ಷೇತ್ರದಲ್ಲಿ ಜಾಸ್ತಿ ಓಟು ಬಿದ್ದವರು ಗೆದ್ದರು. ‘ನನ್ನ ಓಟು ನೀರಲ್ಲಿ ಹೋಯಿತು’ ಅನ್ನುವವರು ಇಲ್ಲೂ ಕಮ್ಮಿಯಿಲ್ಲ.

ನಿಮ್ಮ ಹೆಸರು ಸೇರಿಸಲು ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷ ಸಾಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಇಲ್ಲಿ ಕೆಲಸಕ್ಕೆ, ತೆರಿಗೆಗೆ ಕೊಡುವ ನಂಬರ್) ಕೈಯಲ್ಲಿರಲಿ. ಮನೆ ಬದಲಿಸಿದರೆ ಮತ್ತೆ ಸೇರಿಸಬೇಕು. ಪಟ್ಟಿಯಲ್ಲಿ ಹೆಸರಿದ್ದರೆ, ಸಾಲ ಕೊಡುವವರು ನೋಡುವ ಕ್ರೆಡಿಟ್ ಸ್ಕೋರಿಗೂ ಒಳ್ಳೆಯದು.

ಮತ್ತೆ, ವೀಸಾ ಫೈಲು ಎಲ್ಲೋ ಸಿಕ್ಕಿಹಾಕಿಕೊಂಡರೆ ನಿಮ್ಮ ಎಂಪಿಯ ‘ಸರ್ಜರಿ’ಗೆ ಹೋಗಿ. ಹೆದರಬೇಡಿ, ಆಪರೇಷನ್ ಅಲ್ಲ. ಕ್ಷೇತ್ರದ ಜನರ ದೂರು ಕೇಳಲು ಎಂಪಿ ಕೂರುವ ಹೊತ್ತಿಗೆ ಇಲ್ಲಿ ಹಾಗನ್ನುತ್ತಾರೆ. ಮೊದಲೇ ಫೋನ್ ಮಾಡಿ ಸಮಯ ಕೇಳಿ. ಯಾರಿಗೆ ಓಟು ಹಾಕಿದಿರಿ ಎಂದು ಕೇಳುವುದಿಲ್ಲ, ಪೋಸ್ಟ್‌ಕೋಡ್ ಮಾತ್ರ ಕೇಳುತ್ತಾರೆ.