ಯುದ್ಧಕಾಲದ ಪೈಲಟ್ ಹಾರಿಸಿದ್ದು ಯಾವ ವಿಮಾನ? ಪತ್ತೆ ಮಾಡುವುದು ಹೀಗೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್‌ನಲ್ಲಿದ್ದ (ಆರ್‌ಎಎಫ್) ಪೈಲಟ್ ಒಬ್ಬರ ಹೆಸರು ಗೊತ್ತಿದೆ, ವಿಮಾನದ ಪಕ್ಕ ನಿಂತ ಫೋಟೊ ಇದೆ ಅಂದುಕೊಳ್ಳಿ. ಆ ವಿಮಾನ ಕೊನೆಗೆ ಏನಾಯಿತು ಅಂತ ಹುಡುಕಬಹುದು. ಆದರೆ ಮೊದಲು ಅದರ ನಂಬರ್ ಸಿಗಬೇಕು.

ಅಕ್ಷರ ನಂಬಬೇಡಿ, ನಂಬರ್ ಹುಡುಕಿ

ವಿಮಾನದ ಮೈಮೇಲಿನ ದುಂಡು ಗುರುತಿನ ಒಂದು ಬದಿಗೆ ಎರಡು ದೊಡ್ಡ ಅಕ್ಷರ, ಇನ್ನೊಂದು ಬದಿಗೆ ಒಂದು ಅಕ್ಷರ ಕಾಣುತ್ತವೆ. ಜೋಡಿ ಅಕ್ಷರ ಸ್ಕ್ವಾಡ್ರನ್‌ನದು (ವಾಯುಪಡೆಯ ತುಕಡಿ), ಒಂಟಿ ಅಕ್ಷರ ವಿಮಾನದ್ದು. ಹೆಚ್ಚಿನವರು ಎಡವುವುದು ಇಲ್ಲೇ. ಒಂದು 'ಜಿ' ಬಿದ್ದುಹೋದರೆ ಅದರ ಜಾಗಕ್ಕೆ ಬಂದ ಹೊಸ ವಿಮಾನಕ್ಕೂ 'ಜಿ' ಅಂತಲೇ ಬರೆಯುವುದು ಮಾಮೂಲಿ. ನಿಮಗೆ ಬೇಕಿರುವುದು ಬಾಲದ ಹತ್ತಿರ ಸಣ್ಣದಾಗಿ ಬರೆದ ಸೀರಿಯಲ್ ನಂಬರ್. ಒಂದಕ್ಷರ ನಾಲ್ಕಂಕಿ, ಇಲ್ಲವೇ ಎರಡಕ್ಷರ ಮೂರಂಕಿ. ಸ್ಕ್ವಾಡ್ರನ್ ಬದಲಾದರೂ ಅದು ಬದಲಾಗುವುದಿಲ್ಲ.

ಫೋಟೊದಲ್ಲಿ ನಂಬರ್ ಕಾಣದಿದ್ದರೆ ಪೈಲಟ್ ತನ್ನ ಹಾರಾಟಗಳನ್ನು ಬರೆದಿಟ್ಟ ಲಾಗ್‌ಬುಕ್ ನೋಡಿ. ಸುಮ್ನೆ ಅಕ್ಷರವನ್ನಷ್ಟೇ ಬರೆದುಕೊಂಡವರೂ ಇದ್ದಾರೆ. ಹಾಗಿದ್ದರೆ ಹಾರಾಟದ ತಾರೀಖು ಗುರುತು ಹಾಕಿಕೊಳ್ಳಿ, ಮುಂದೆ ಸ್ಕ್ವಾಡ್ರನ್ ಪುಸ್ತಕದಲ್ಲಿ ಹುಡುಕಲು ಬೇಕಾಗುತ್ತದೆ.

ಸ್ಕ್ವಾಡ್ರನ್ ಪುಸ್ತಕ

ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಏರ್ 27' ಎಂಬ ಸರಣಿ ಇದೆ. ಸ್ಕ್ವಾಡ್ರನ್‌ಗಳ ಆಪರೇಷನ್ಸ್ ರೆಕಾರ್ಡ್ ಬುಕ್‌ಗಳು, ಅಂದರೆ ದಿನದಿನದ ಕಾರ್ಯಾಚರಣೆಯ ದಾಖಲೆ ಪುಸ್ತಕಗಳು ಅದರಲ್ಲಿವೆ. ಫಾರಂ 540ರಲ್ಲಿ ದಿನದ ಸಾರಾಂಶ ಇರುತ್ತದೆ. ನಿಮ್ಮ ಕೆಲಸಕ್ಕೆ ಬರುವುದು ಫಾರಂ 541: ಯಾವ ವಿಮಾನ, ಯಾರು ಹಾರಿಸಿದರು, ಏರಿದ್ದು ಎಷ್ಟಕ್ಕೆ, ಇಳಿದದ್ದು ಎಷ್ಟಕ್ಕೆ. ಇಳಿದ ಸಮಯದ ಕಾಲಂ ಖಾಲಿ ಇದ್ದರೆ ಎದೆ ಧಸಕ್ ಅನ್ನುತ್ತದೆ.

ಟೈಪ್ ಮಾಡಿದವರೂ ಮನುಷ್ಯರೇ ಅಲ್ವಾ, 3 ಇರಬೇಕಾದಲ್ಲಿ 8 ಬಿದ್ದಿರಬಹುದು. ಇದನ್ನು ಹಿಡಿಯಲು ಒಂದು ದಾರಿ ಇದೆ. ಸೀರಿಯಲ್ ನಂಬರ್‌ಗಳನ್ನು ಕಾರ್ಖಾನೆಗಳಿಗೆ ಕಂತುಕಂತಾಗಿ ಹಂಚುತ್ತಿದ್ದರು. ಎಷ್ಟು ವಿಮಾನ ತಯಾರಾದವು ಅಂತ ಶತ್ರುವಿಗೆ ಲೆಕ್ಕ ಸಿಗದಿರಲಿ ಎಂದು ನಡುನಡುವೆ ಬೇಕೆಂದೇ ಕೆಲವು ನಂಬರ್‌ ಬಿಡುತ್ತಿದ್ದರು. ನಿಮಗೆ ಸಿಕ್ಕಿದ ನಂಬರ್ ಹಾಗೆ ಬಿಟ್ಟ ಜಾಗದಲ್ಲಿ ಬಂದರೆ, ಅಥವಾ ಬೇರೆಯೇ ಮಾದರಿಯ ವಿಮಾನದ್ದಾಗಿದ್ದರೆ, ತಪ್ಪು ಖಚಿತ.

ವಿಮಾನದ ಕಾರ್ಡ್

ನಂಬರ್ ಗಟ್ಟಿಯಾದ ಮೇಲೆ ಫಾರಂ 78 ಕೇಳಿ. ಈ ಕಾರ್ಡ್‌ಗಳು ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿವೆ. ವಿಮಾನ ಯಾವ ಘಟಕಕ್ಕೆ ಯಾವಾಗ ಹೋಯಿತು ಅನ್ನುವುದು ಸಾಲುಸಾಲಾಗಿ, ಪೂರ್ತಿ ಸಂಕ್ಷೇಪಾಕ್ಷರಗಳಲ್ಲಿ ಇರುತ್ತದೆ. 'ಕ್ಯಾಟ್ ಇ' ಅಂದರೆ ರಿಪೇರಿಗೆ ನಿಲುಕದ್ದು, 'ಎಸ್‌ಒಸಿ' ಅಂದರೆ ಲೆಕ್ಕದಿಂದ ಹೊಡೆದುಹಾಕಿದ್ದು. ಕಾರ್ಡ್‌ನ ತಾರೀಖು ಘಟನೆ ನಡೆದ ದಿನಕ್ಕಿಂತ ತಡವಾಗಿರಬಹುದು, ಹಾಗಾಗಿ ಫಾರಂ 541ರ ಜತೆ ತಾಳೆ ನೋಡಿ. ಅಪಘಾತವಾಗಿದ್ದರೆ ಫಾರಂ 1180 ಎಂಬ ಇನ್ನೊಂದು ಕಾರ್ಡ್ ಇರುತ್ತದೆ.

ಪೈಲಟ್ ಗತಿಯೇ ವಿಮಾನದ ಗತಿಯಲ್ಲ

ಪೈಲಟ್ ಯುದ್ಧದಲ್ಲಿ ತೀರಿಕೊಂಡಿದ್ದರೆ, ಮಡಿದವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ದಾಖಲೆಯಲ್ಲಿ ಹೆಸರು ಸಿಗುತ್ತದೆ. ಬ್ರಿಟನ್ ಹಾಗೂ ಉತ್ತರ, ಪಶ್ಚಿಮ ಯುರೋಪಿನ ನೆಲೆಗಳಿಂದ ಹಾರಿಹೋಗಿ ಸಮಾಧಿಯೂ ಸಿಗದ 20,000ಕ್ಕೂ ಹೆಚ್ಚು ಮಂದಿಯ ಹೆಸರು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿದೆ. ಆದರೆ ಅವರು ಕೊನೆಯ ದಿನ ಹಾರಿಸಿದ್ದು ಫೋಟೊದಲ್ಲಿರುವ ವಿಮಾನವನ್ನೇ ಆಗಿರಬೇಕೆಂದಿಲ್ಲ. ವಿಮಾನ ಬಿದ್ದರೆ ಅದರ ಕಥೆ ಮುಗಿಯಿತು ಅಂತಲೂ ಅಲ್ಲ. ಪಿ7350 ನಂಬರಿನ ಸ್ಪಿಟ್‌ಫೈರ್ ಯುದ್ಧವಿಮಾನ 1940ರ ಅಕ್ಟೋಬರ್‌ನಲ್ಲಿ ಗುಂಡೇಟು ತಿಂದು ಇಂಗ್ಲೆಂಡಿನ ಹೇಸ್ಟಿಂಗ್ಸ್ ಹತ್ತಿರ ನೆಲಕ್ಕಿಳಿದಿತ್ತು. ಆಮೇಲೆ ರಿಪೇರಿಯಾಗಿ, ಯುದ್ಧ ಮುಗಿದು ದಶಕಗಳಾದ ಮೇಲೂ ಹಾರಾಟ ನಡೆಸಿದೆ!

ಬಿದ್ದ ಜಾಗ ಪತ್ತೆಯಾಯಿತು ಅಂತ ಗುದ್ದಲಿ ಹಿಡಿದು ಹೊರಡಬೇಡಿ. 1986ರ ಕಾಯ್ದೆ ಪ್ರಕಾರ ಬ್ರಿಟನ್ನಿನಲ್ಲಿ ಸೇನಾ ವಿಮಾನ ಬಿದ್ದ ಜಾಗ ಅಗೆಯಲು ರಕ್ಷಣಾ ಸಚಿವಾಲಯದ ಲೈಸೆನ್ಸ್ ಬೇಕು. ಸಿಬ್ಬಂದಿಯ ಅವಶೇಷ ಅಲ್ಲಿರಬಹುದು ಅನ್ನಿಸಿದರೆ ಸಾಮಾನ್ಯವಾಗಿ ಲೈಸೆನ್ಸ್ ಕೊಡುವುದಿಲ್ಲ.